ಮೊದಲು ಬಂದ ಹಾಲು

2017ರಲ್ಲಿ ನಾನು ಹಳೇಬೀಡು ಸುತ್ತಿನ ಹದಿನೆಂಟು ಹಾಲಿನ ಸಂಘಗಳಿಗೆ ಮೇಲ್ವಿಚಾರಕಿಯಾಗಿದ್ದೆ. ಸಂಘವನ್ನು ಊರಿನವರು ಡೇರಿ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಸೋಮವಾರದಿಂದ ಶನಿವಾರದವರೆಗೆ ಹಳೇಬೀಡಿನ ಬಾಡಿಗೆ ಕೋಣೆ, ಭಾನುವಾರ ಅರಸೀಕೆರೆಯ ಮನೆ. ನಮ್ಮ ಯಜಮಾನರು ಅರಸೀಕೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುವ ಟ್ಯುಟೋರಿಯಲ್ ನಡೆಸುತ್ತಿದ್ದರು. ಅವರು ಕಲಿಸುತ್ತಿದ್ದದ್ದು ರೀಸನಿಂಗ್, ಅಂದರೆ ತಾರ್ಕಿಕ ಸಾಮರ್ಥ್ಯ. ಒಂದು ಪ್ಯಾರಾ ಕೊಟ್ಟು, ಇದರಲ್ಲಿ ಯಾವ ಹೇಳಿಕೆ ಆಧಾರ, ಯಾವುದು ತೀರ್ಮಾನ, ಯಾವುದು ಬಾಯಿಬಿಟ್ಟು ಹೇಳದೆ ನಂಬಿಕೊಂಡ ಮಾತು ಎಂದು ಬಿಡಿಸುವ ಪ್ರಶ್ನೆಗಳಿರುತ್ತವೆಯಲ್ಲ, ಅವು. ಹೋದ ವರ್ಷ ಅವರು ತೀರಿಕೊಂಡರು. ಅವರ ನೋಟ್ಸುಗಳ ನಡುವೆ ನಾನೇ ಬರೆದ ಒಂದು ವರದಿಯ ಜೆರಾಕ್ಸ್ ಸಿಕ್ಕಿತು. ಊರು, ಹೆಸರು ಅಳಿಸಿ, ಮೇಲೆ ‘ಅಭ್ಯಾಸ 14’ ಎಂದು ಬರೆದುಕೊಂಡಿದ್ದರು. ಆರು ವರ್ಷ ಅರಸೀಕೆರೆಯ ಹುಡುಗರು ನನ್ನ ಮೂರ್ಖತನವನ್ನು ಬಿಡಿಸುತ್ತ ಕೂತಿದ್ದರೆಂದು ಆಗ ತಿಳಿಯಿತು. ಆ ಕಥೆಯನ್ನು ನಾನೇ ಹೇಳುವುದು ಒಳ್ಳೆಯದು.

ಮಾದಿಹಳ್ಳಿ ಕಡೆಯ ಒಂದು ಊರು. ಹೆಸರು ಬೇಡ. ಅಲ್ಲಿನ ಡೇರಿಗೆ ಆ ವರ್ಷ ಹೊಸ ಕಟ್ಟಡವಾಯಿತು. ಅದಾಗಿ ಎರಡು ತಿಂಗಳಿಗೆ ಜಯಮ್ಮ ಎಂಬ ಸದಸ್ಯೆಯ ಮೇಲೆ ದೂರು ಬಂತು. ಹಾಲಿಗೆ ನೀರು ಬೆರೆಸುತ್ತಾಳೆ ಎಂದು. ಆಕೆಗೆ ಎರಡು ಹಸು. ಗಂಡನಿಗೆ ಬೆನ್ನಿಗೆ ಪೆಟ್ಟಾಗಿ ಕೆಲಸವಿಲ್ಲ. ಡೇರಿಯಿಂದ ಹೊರಗೆ ಹಾಕಿದರೆ ಹಾಲು ಕೊಳ್ಳುವವರು ಊರಲ್ಲಿ ಬೇರೆ ಯಾರೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ನೀರು ಹಾಕುವವಳು ಎಂಬ ಹೆಸರು ಒಮ್ಮೆ ಬಂದರೆ ಆ ಮನೆಯಿಂದ ಯಾರೂ ಮಜ್ಜಿಗೆ ಕೂಡ ಈಸಿಕೊಳ್ಳುವುದಿಲ್ಲ.

ಹಾಲಿನ ಗಟ್ಟಿತನ ನೋಡಲು ಲ್ಯಾಕ್ಟೋಮೀಟರ್ ಇರುತ್ತದೆ. ಗಾಜಿನ ಕೊಳವೆ, ಹಾಲಿಗೆ ಬಿಟ್ಟರೆ ತೇಲುತ್ತದೆ. ನೀರು ಬೆರೆತಿದ್ದರೆ ಹೆಚ್ಚು ಮುಳುಗಿ ರೀಡಿಂಗ್ ಕಡಿಮೆ ತೋರಿಸುತ್ತದೆ. ಆ ಡೇರಿಯಲ್ಲಿ 26ಕ್ಕಿಂತ ಇಳಿದರೆ ಅನುಮಾನ. ಜಯಮ್ಮನ ಹಾಲು ದಿನವೂ 25, ಕೆಲವು ದಿನ 24 ತೋರಿಸುತ್ತಿತ್ತು.

ವಿಚಾರಣೆಗೆ ಹೋದೆ. ಅಧ್ಯಕ್ಷ ಹೊಸ ಕಟ್ಟಡದ ಹೊಸ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಊರಿನಲ್ಲಿ ಎರಡು ಸಲ ಚುನಾವಣೆ ಗೆದ್ದವನಿಗೆ ಹಾಲಿನ ಬಗ್ಗೆ ತಿಳಿಯಬೇಕಾದ್ದು ಏನೂ ಉಳಿದಿರುವುದಿಲ್ಲ.

“ಮೇಡಮ್ಮೋರೆ, ಹಾಲು ತೆಳ್ಳಗೈತೆ. ಅವಳ ಮನೆ ಎದ್ರಿಗೇ ಐತೆ, ನಲ್ಲೀನೂ ಎದ್ರಿಗೇ ಐತೆ. ಯಾರೂ ಬರಕ್ಕೆ ಮುಂಚೆ ಬಂದು ಸುರುದ್ಬುಟ್ಟು ಹೋಗ್ತಾಳೆ. ಇನ್ನೇನ್ ಬೇಕು?”

ಕಾರ್ಯದರ್ಶಿ ಪ್ರತಿ ಮಾತಿಗೂ ತಲೆ ಆಡಿಸಿದ. ಆ ತಲೆ ಅದೊಂದು ಕೆಲಸವನ್ನು ಮಾತ್ರ ಚೆನ್ನಾಗಿ ಮಾಡುತ್ತಿತ್ತು. ಜಯಮ್ಮನನ್ನು ಕರೆಸಿದೆ. ಆಕೆ ಅಳಲಿಲ್ಲ, ಆಣೆ ಇಡಲಿಲ್ಲ. “ಮೊದ್ಲು ಬರೋದೇ ತಪ್ಪು ಅಂದ್ರೆ ನಾಳೆಯಿಂದ ಕೊನೇಲಿ ಬತ್ತೀನಿ ಬಿಡಿ ಮೇಡಂ” ಎಂದಳು. ಅಧ್ಯಕ್ಷ ನಕ್ಕ. ನನಗೂ ಅದು ಉಡಾಫೆಯ ಮಾತೆನಿಸಿತು. ಮುಖಕ್ಕೆ ಹಿಡಿದುಕೊಟ್ಟ ಉತ್ತರವನ್ನು ನೋಡದೆ ಬಂದೆ.

ವರದಿಯಲ್ಲಿ ಹೀಗೆ ಬರೆದೆ. ಹೊಸ ಕಟ್ಟಡಕ್ಕೆ ಬಂದ ಮೇಲೆ ಈಕೆಯ ಹಾಲಿನ ರೀಡಿಂಗ್ ಇಳಿದಿದೆ. ಈಕೆಯ ಮನೆ ಡೇರಿಯ ಎದುರಿಗೇ ಇದೆ. ಪ್ರತಿದಿನ ಎಲ್ಲರಿಗಿಂತ ಮೊದಲು ಹಾಲು ತರುತ್ತಾಳೆ. ಆದ್ದರಿಂದ ನೀರು ಬೆರೆಸುತ್ತಿರುವುದು ಖಚಿತ. ಸದಸ್ಯತ್ವ ರದ್ದು ಮಾಡಬಹುದು. ಮಂಗಳವಾರ ಬೇಲೂರಿನಲ್ಲಿ ನಮ್ಮ ಅಧಿಕಾರಿಗಳಿಗೆ ಅದನ್ನು ಕೊಡಬೇಕಿತ್ತು.

ಭಾನುವಾರ ಮನೆಯಲ್ಲಿ ಅದನ್ನು ಮೇಜಿನ ಮೇಲೆ ಬಿಟ್ಟು ಒಲೆ ಹತ್ತಿರ ಇದ್ದೆ. ಯಜಮಾನರು ಓದಿದರು. ಅವರು ದನಿ ಎತ್ತುವವರಲ್ಲ. ತಿರಸ್ಕಾರ ಬಂದರೆ ಇನ್ನೂ ಮೆಲ್ಲಗೆ ಮಾತಾಡುತ್ತಿದ್ದರು. ನನ್ನನ್ನು ಕರೆದು ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿದರು.

“ಮೇಲಿನ ಮೂರೂ ನಿಜಾನಾ?”

ನಿಜ ಎಂದೆ.

“ನಿಜ ಇರಬಹುದು. ಆದರೆ ಇಲ್ಲಿ ಅವು ಏನು ಕೆಲಸ ಮಾಡ್ತಿವೆ? ಆಧಾರವಾ? ಇಲ್ಲ. ನೀನು ಮೊದಲೇ ತೀರ್ಮಾನ ಮಾಡಿ, ಆಮೇಲೆ ಇವನ್ನ ಸಾಕ್ಷಿಗೆ ಕರ್ಕೊಂಡು ಬಂದಿದ್ದೀಯ. ನೀರು ಹಾಕೋಳು ಅಂತ ಮೊದಲೇ ನಂಬಿದವರಿಗೆ ಮಾತ್ರ ಬೇಗ ಬರೋದು ಕಳ್ಳತನ. ಈಗ ಈ ಮೂರನ್ನೇ ಇಟ್ಕೊಂಡು, ಕೆಳಗೆ ಬೇರೆ ಏನಾದ್ರೂ ಬರೆಯೋಕೆ ಬರುತ್ತಾ ನೋಡು.”

ನನಗೆ ಸಿಟ್ಟು ಬಂತು. ಹಾಲು ಕಾಯಿಸಿ ಗೊತ್ತಿಲ್ಲದವರು ನನಗೆ ಹಾಲಿನ ಪಾಠ ಹೇಳುವುದೇ ಎಂದು ಒಳಗೆ ಹೋದೆ. ಒಲೆಯ ಮೇಲಿನ ಪಾತ್ರೆಯಿಂದ ಹಬೆ ಏಳುತ್ತಿತ್ತು. ಅಲ್ಲೇ ನಿಂತೆ.

ಮನೆ ಎದುರಿಗೆ. ಎಲ್ಲರಿಗಿಂತ ಮೊದಲು. ಅಂದರೆ ಕರೆದ ಹಾಲು ಮೂರು ನಿಮಿಷದಲ್ಲಿ ಡೇರಿಗೆ ಬರುತ್ತದೆ, ಕೆಚ್ಚಲಿನ ಬಿಸಿ ಆರುವ ಮೊದಲೇ, ನೊರೆ ಇರುವಾಗಲೇ. ಬಿಸಿ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ. ನಮ್ಮ ಉಪಕರಣ 27 ಡಿಗ್ರಿ ಉಷ್ಣಾಂಶಕ್ಕೆ ಮಾಡಿದ್ದು. ಹಾಲು ಅದಕ್ಕಿಂತ ಬಿಸಿ ಇದ್ದರೆ ಥರ್ಮಾಮೀಟರಿನಲ್ಲಿ ನೋಡಿ ರೀಡಿಂಗಿಗೆ ಕೂಡಿಸಿಕೊಳ್ಳಬೇಕು. ಇದು ತರಬೇತಿಯ ಮೊದಲ ವಾರದ ಪಾಠ. ನಾನೇ ಎಷ್ಟೋ ಕಾರ್ಯದರ್ಶಿಗಳಿಗೆ ಹೇಳಿಕೊಟ್ಟಿದ್ದೆ. ಮಿಕ್ಕವರ ಹಾಲು ಊರ ಆ ಕಡೆಯಿಂದ ನಡೆದು ಬಂದು, ಸಾಲಿನಲ್ಲಿ ಕಾದು, ಆರಿರುತ್ತದೆ. ಡೇರಿ ಮೊದಲು ಊರ ಆಚೆ ಹಳೆಯ ಕಟ್ಟಡದಲ್ಲಿದ್ದಾಗ ಜಯಮ್ಮನದೂ ಆರಿರುತ್ತಿತ್ತು. ಆಕೆಯನ್ನು ಮುಳುಗಿಸಲು ನಾನು ಬರೆದ ಮೂರು ವಾಕ್ಯಗಳೂ ಆಕೆಯ ಪರವಾಗಿಯೇ ನಿಂತಿದ್ದವು.

ಸೋಮವಾರ ಬೆಳಿಗ್ಗೆ ಆರೂವರೆಗೆ ಆ ಡೇರಿಯಲ್ಲಿದ್ದೆ. ಮೊದಲು ರಿಜಿಸ್ಟರ್ ತೆಗೆಸಿದೆ. ಉಷ್ಣಾಂಶದ ಕಾಲಂನಲ್ಲಿ ಪುಟಪುಟಕ್ಕೂ 27, 27, 27. ಚಳಿಗೂ ಇಪ್ಪತ್ತೇಳು, ಬೇಸಿಗೆಗೂ ಇಪ್ಪತ್ತೇಳು. ಥರ್ಮಾಮೀಟರ್ ಎಲ್ಲಿ ಎಂದೆ. ಕಟ್ಟಡ ಬದಲಾಯಿಸುವಾಗ ಒಡೆಯಿತಂತೆ. ಅದಕ್ಕೆ ಮೊದಲು? ಮೊದಲೂ ಯಾರೂ ನೋಡುತ್ತಿರಲಿಲ್ಲ; 27 ಎಂದು ಆ ಕಾಲಂ ತುಂಬಿಸುವುದು ರೂಢಿ. ಸುತ್ತಿನ ಎಲ್ಲ ಡೇರಿಗಳಲ್ಲೂ ಅದೇ ರೂಢಿ ಎಂದು ಆಮೇಲೆ ಕಂಡುಕೊಂಡೆ. ಪ್ರತಿ ತಿಂಗಳ ಕೊನೆಯಲ್ಲಿ ಆ ಪುಟಗಳ ಕೆಳಗೆ ‘ಪರಿಶೀಲಿಸಿದೆ’ ಎಂದು ಒಂದು ಸಹಿ ಇತ್ತು. ನನ್ನದು.

ಅಧ್ಯಕ್ಷನನ್ನು ಕರೆಸಿ, ಜಯಮ್ಮನ ಕೊಟ್ಟಿಗೆಯಲ್ಲಿ ಎಲ್ಲರೂ ನೋಡುತ್ತಿರುವಾಗ ಹಾಲು ಕರೆಸಿದೆ. ಕ್ಯಾನನ್ನು ನಾನೇ ಹಿಡಿದು ರಸ್ತೆ ದಾಟಿದೆ. ಕೂಡಲೇ ನೋಡಿದಾಗ ರೀಡಿಂಗ್ 25. ಅಧ್ಯಕ್ಷನ ಮೀಸೆಯಡಿ ನಗು ಬಂತು. ಕ್ಯಾನಿಗೆ ಮುಚ್ಚಳ ಹಾಕಿ, ಕಾಗದ ಅಂಟಿಸಿ, ಮೇಲೆ ಅವನಿಂದಲೇ ಸಹಿ ಹಾಕಿಸಿ, ತಣ್ಣೀರಿನ ತೊಟ್ಟಿಯಲ್ಲಿ ಇಡಿಸಿದೆ. ಒಂದು ಗಂಟೆ ಕಾದೆವು. ಹಾಲು ಹಾಕಿದವರು ಯಾರೂ ಮನೆಗೆ ಹೋಗಲಿಲ್ಲ. ಮತ್ತೆ ತೆಗೆದು, ಮೆಲ್ಲಗೆ ಕಲಕಿ, ಲ್ಯಾಕ್ಟೋಮೀಟರ್ ಬಿಟ್ಟೆ. ಇಪ್ಪತ್ತೇಳೂವರೆ.

ಸಾಲಿನಲ್ಲಿದ್ದ ಒಬ್ಬ ಮುದುಕ ಕಾರ್ಯದರ್ಶಿಯನ್ನು ಕೇಳಿದ: “ಏನ್ಲಾ, ನೀರು ಕ್ಯಾನೊಳಗಿಂದ ಎದ್ದೋಯ್ತಾ?”

ಜನ ನಕ್ಕರು. ನಕ್ಕವರಲ್ಲಿ ಅರ್ಧ ಜನ ಹಿಂದಿನ ವಾರ ಜಯಮ್ಮನಿಂದ ದೂರ ಸರಿದು ನಿಂತವರು.

ಇಲ್ಲಿಗೆ ಮುಗಿಯಬೇಕಿತ್ತು. ಅದೇ ದಿನ ಕಮಿಟಿ ಸೇರಿಸಿ ನಡಾವಳಿ ಬರೆದರು. ಕಾರ್ಯದರ್ಶಿ ಓದಿದ: “ಸದರಿ ಸದಸ್ಯೆಯನ್ನು ಕ್ಷಮಿಸಿ, ಸದಸ್ಯತ್ವ ಮುಂದುವರಿಸಲು ತೀರ್ಮಾನಿಸಲಾಗಿದೆ.” ಅಧ್ಯಕ್ಷ ಕೈ ಜಾಡಿಸಿ ಎದ್ದ, ದೊಡ್ಡ ಮನಸ್ಸು ಮಾಡಿದವನ ಹಾಗೆ. ನಾನು ಪೆನ್ನು ತೆಗೆದಿದ್ದೆ. ಇನ್ನೊಂದು ಗಳಿಗೆಯಾಗಿದ್ದರೆ ಅದಕ್ಕೂ ಸಹಿ ಹಾಕಿರುತ್ತಿದ್ದೆ.

ಬಾಗಿಲ ಹತ್ತಿರ ನಿಂತಿದ್ದ ಜಯಮ್ಮ, “ಇನ್ನೊಂದ್ಸಲ ಓದ್ರಿ” ಎಂದಳು. ಓದಿದ.

“ಕ್ಷಮಿಸಿ ಅಂದ್ರೆ ನಾನು ಮಾಡಿದ್ದೆ ಅಂತ ಆಯ್ತಲ್ಲ. ಅದನ್ನ ಹೊಡೆದಾಕಿ. ಇಲ್ದಿದ್ರೆ ನಿಮ್ ಡೇರಿ ನೀವೇ ಇಟ್ಕಳಿ.”

“ಉಳಿಸ್ಕೊಟ್ಟಿದ್ದೀವಿ, ಅಷ್ಟು ಸಾಲದಾ ಕಣಮ್ಮ?” ಎಂದ ಅಧ್ಯಕ್ಷ.

“ಏನ್ ಉಳಿಸ್ಕೊಟ್ರಿ? ನನ್ನತ್ರ ಇದ್ದದ್ನ ಕಿತ್ಕೊಂಡು ಒಂದ್ ವಾರ ಇಟ್ಕೊಂಡಿದ್ರಿ.”

ನಾಲ್ಕನೇ ಕ್ಲಾಸು ಓದಿದ ಹೆಂಗಸು. ಹೇಳದೆ ಒಳಗೆ ಇಟ್ಟುಕೊಂಡ ಮಾತು ಎಲ್ಲಿ ಅಡಗಿದೆ ಎಂದು ಹುಡುಕಲು ಆಕೆಗೆ ಟ್ಯುಟೋರಿಯಲ್ ಬೇಕಾಗಲಿಲ್ಲ. ಆ ಸಾಲನ್ನು ಹೊಡೆದುಹಾಕಿಸಿದೆ. ‘ಪರೀಕ್ಷೆ ಮಾಡುವ ಕ್ರಮದಲ್ಲಿ ಡೇರಿಯಿಂದ ಮತ್ತು ಮೇಲ್ವಿಚಾರಕರಿಂದ ತಪ್ಪಾಗಿದೆ, ಸದಸ್ಯೆಯಿಂದ ಯಾವ ತಪ್ಪೂ ಆಗಿಲ್ಲ’ ಎಂದು ಬರೆಸಿ, ಅದರ ಕೆಳಗೆ ಸಹಿ ಹಾಕಿದೆ. ಅಧ್ಯಕ್ಷ ಕೊನೆಯಲ್ಲಿ ಹಾಕಿದ, ಪೆನ್ನು ಸರಿಯಿಲ್ಲ ಎಂದು ಎರಡು ಸಲ ಜಾಡಿಸಿ. ಮಂಗಳವಾರ ಬೇಲೂರಿಗೆ ಹೋದದ್ದು ಆ ನಡಾವಳಿಯ ನಕಲು.

ವಾಕ್ಯ ಸುಳ್ಳೋ ನಿಜವೋ ಎಂದು ನೋಡುವುದು ಅರ್ಧ ಕೆಲಸ ಮಾತ್ರ ಎಂದು ನನ್ನ ಉದ್ಯೋಗ ಕಲಿಸಿತು. ಅದನ್ನು ಅಲ್ಲಿ ಯಾರು ತಂದು ಕೂರಿಸಿದರು, ಏನು ಹೊರಲು ಕೂರಿಸಿದರು ಎಂದು ಕೇಳಬೇಕು. ಸುಳ್ಳು ಹೇಳುವವರಿಗಿಂತ ನಿಜಗಳನ್ನು ಹೀಗೆ ಜೀತಕ್ಕೆ ಇಟ್ಟುಕೊಳ್ಳುವವರೇ ಹೆಚ್ಚು.

ಯಜಮಾನರು ಹೃದಯ ನಿಂತು ತೀರಿಕೊಂಡ ಬೆಳಿಗ್ಗೆ ನಾನು ಹಳೇಬೀಡಿನಲ್ಲಿದ್ದೆ. ಹನ್ನೊಂದನೇ ದಿನ ಊಟಕ್ಕೆ ಕೂತ ನೆಂಟರು ನನಗೆ ಕೇಳಿಸುವಷ್ಟೇ ಗಟ್ಟಿಯಾಗಿ ಹೀಗೆ ಮಾತಾಡಿಕೊಂಡರು: ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಇವಳು ವಾರಕ್ಕೆ ಆರು ದಿನ ಮನೆಯಲ್ಲಿರುತ್ತಿರಲಿಲ್ಲ. ಅದಕ್ಕೇ ಹೀಗಾಯಿತು.

ನಾನು ಅವರ ಎಲೆಗೆ ಪಾಯಸ ಬಡಿಸಿ ಮುಂದೆ ಹೋದೆ. ಕಾಯಿಲೆ ಇದ್ದದ್ದು ನಿಜ. ನಾನು ಇಲ್ಲದಿದ್ದದ್ದೂ ನಿಜ, ಅದನ್ನು ಹೊತ್ತುಕೊಂಡೇ ಇರುತ್ತೇನೆ. ‘ಅದಕ್ಕೇ’ ಎಂಬುದು ಮಾತ್ರ ಅವರು ತಂದದ್ದು. ಅದನ್ನು ಅವರ ಎಲೆಯಲ್ಲೇ ಬಿಟ್ಟೆ.