ಕೊನೆಗೆ ಕರೆದ ಹೆಸರು

ಇಳಕಲ್ಲಿನ ನಮ್ಮ ಮಾಂಟೆಸ್ಸರಿ ಶಾಲೆಯ ಚರಿತ್ರೆ ಬರೆದುಕೊಡಿ ಎಂದು ಈಗಿನ ಪಾಲಕರು ಕೇಳಿದ್ದಾರೆ. ಒಂದು ಪುಟ ಸಾಕಂತೆ. ಎಷ್ಟು ಸಲ ಕೂತರೂ ನನ್ನ ಕೈ ಬರೆಯುವುದು ಒಂದೇ ಮಗುವಿನ ಸಂಗತಿಯನ್ನು.

ಶಾಲೆ ತೆಗೆದವರು ಇಬ್ಬರು ತಾಯಂದಿರು: ನಾನು, ಮತ್ತು ನಮ್ಮ ಓಣಿಯ ನೇಕಾರರ ಮನೆಯ ಗೆಳತಿ. ನನ್ನ ಮಗ ಬೇರೊಂದು ಶಾಲೆಯಲ್ಲಿ ಮೂರು ವರ್ಷಕ್ಕೇ ಅಕ್ಷರ ತಿದ್ದಿ ತಿದ್ದಿ, ಬೆರಳು ಬಾಯಲ್ಲಿಟ್ಟುಕೊಂಡು ಅಳುತ್ತಿದ್ದ. ಅದನ್ನು ನೋಡಿದ ಗೆಳತಿ ತನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, “ಈಕಿನ್ನ ಅಂಥಾ ಸಾಲಿಗಿ ಹಾಕಂಗಿಲ್ಲ ಅಕ್ಕಾ. ನೀ ಕಲತು ಬಾ, ನಾವ ಒಂದ ತಗಿಯೂಣು” ಎಂದಳು.

ನಾನು ಪರ ಊರಿನಲ್ಲಿ ತರಬೇತಿ ಮುಗಿಸಿ ಬಂದೆ. ಮರದ ಸಾಮಾನನ್ನು ಬಡಿಗರು ಮಾಡಿಕೊಟ್ಟರು. ಮಕ್ಕಳು ಬೆರಳಾಡಿಸಿ ಕಲಿಯುವ ಒರಟು ಅಕ್ಷರಗಳನ್ನು ಕಲ್ಲಿಗೆ ಪಾಲಿಶ್ ಹಾಕುವವರ ಹತ್ತಿರ ಸಿಗುವ ಕಾಗದದಿಂದ ಗೆಳತಿಯೇ ಕತ್ತರಿಸಿದಳು. ನನ್ನ ಅತ್ತೆ ಬಂದು ನೋಡಿ, “ಕಸಾ ಹೊಡಿಯೂದು, ಜ್ವಾಳ ಆರಸೂದು ಕಲಸಾಕ ಸಾಲಿ ಯಾಕವಾ? ನಮ್ಮ ಮನಿಗಿ ಕಳಸು, ಪುಕ್ಕಟೆ ಕಲಸ್ತೇನಿ” ಎಂದು ನಕ್ಕರು. ನಾವೂ ನಕ್ಕೆವು.

ನಾನು ಕಲಿತು ಬಂದ ರೀತಿಗಳು ಇವು. ಮಗುವನ್ನು ದೂರದಿಂದ ಕೂಗಬಾರದು. ಹತ್ತಿರ ಹೋಗಿ, ಕೂತು, ಭುಜ ಮುಟ್ಟಿ, ಮುಖ ನೋಡಿ ಮಾತಾಡಬೇಕು. ಕೆಲಸ ತೋರಿಸುವಾಗ ಬಾಯಿ ಮುಚ್ಚಿ ಕೈಯಿಂದಲೇ ತೋರಿಸಬೇಕು. ಕೆಲಸದಲ್ಲಿ ಮುಳುಗಿದ ಮಗುವನ್ನು ಕರೆಯಲೇಬಾರದು. ಮಾತು ತಡವಾದರೆ ಕಾಯಬೇಕು. ಈ ಕೊನೆಯದನ್ನು ನನಗೆ ಯಾರಾದರೂ ಹೇಳಿದ್ದರೋ, ನಾನೇ ಹಾಗೆ ತಿಳಿದುಕೊಂಡೆನೋ, ಈಗ ಖಚಿತವಿಲ್ಲ.

ಗೆಳತಿಯ ಮಗಳಿಗೆ ಮಾತು ಕಡಿಮೆ. ಇದ್ದ ನಾಲ್ಕು ಮಾತೂ ತೊದಲು. ಅವರ ಮನೆಯಲ್ಲಿ ಬೆಳಗಿನಿಂದ ಪವರ್‌ಲೂಮ್ ಸಪ್ಪಳ. ಅಲ್ಲಿ ಯಾರನ್ನಾದರೂ ಕರೆಯಬೇಕಾದರೆ ಮುಟ್ಟಿಯೇ ಕರೆಯುವುದು. “ಮಗ್ಗದ ಮನಿ ಕೂಸು, ಏನ್ ಸಪ್ಪಳಾದ್ರೂ ಬೆಚ್ಚಂಗಿಲ್ಲ” ಎಂದು ಗೆಳತಿ ಹೆಮ್ಮೆಯಿಂದ ಹೇಳುತ್ತಿದ್ದಳು.

ಶಾಲೆ ಬಿಡುವ ಮೊದಲು ನಾವು ಮೌನದ ಆಟ ಆಡುತ್ತಿದ್ದೆವು. ಮಕ್ಕಳೆಲ್ಲ ಅಲುಗದೆ ಕೂರಬೇಕು. ನಾನು ಬಾಗಿಲ ಆಚೆ, ಕಾಣದ ಹಾಗೆ ನಿಂತು, ಒಂದೊಂದೇ ಹೆಸರನ್ನು ಪಿಸುಗುಟ್ಟಬೇಕು. ಹೆಸರು ಕೇಳಿದ ಮಗು ಸದ್ದಿಲ್ಲದೆ ಎದ್ದು ಬರಬೇಕು. ಚಡಪಡಿಸುವ ಮಕ್ಕಳನ್ನು ಮೊದಲು ಕರೆಯುತ್ತಿದ್ದೆ. ತಾಳ್ಮೆಯ ಮಗುವನ್ನು ಕೊನೆಗೆ. ಗೆಳತಿಯ ಮಗಳನ್ನು ಯಾವಾಗಲೂ ಕೊನೆಗೇ ಕರೆದೆ. ಎಲ್ಲರೂ ಹೋದ ಮೇಲೆ ಅವಳು ಎದ್ದು ಬರುತ್ತಿದ್ದಳು. ನನ್ನ ವಹಿಯಲ್ಲಿ ಬರೆದಿದ್ದೇನೆ: “ಮೌನದಲ್ಲಿ ಎಲ್ಲರಿಗಿಂತ ಮುಂದು.”

ಅವಳು ಸೇರಿದ ಮೊದಲ ವರ್ಷವೇ, ಕಸ ಹೊಡೆಯುತ್ತಿದ್ದ ಆಯಾ ನನ್ನನ್ನು ಬದಿಗೆ ಕರೆದು, “ಅಕ್ಕೋರ, ಆ ಕೂಸು ಕರದ್ರ ಹೊಳ್ಳಿ ನೋಡಂಗಿಲ್ರಿ. ಕಿವಿ ಮಂದ ಇರಬೇಕ್ರಿ” ಎಂದಿದ್ದಳು.

“ಆಕಿ ಕೆಲಸದಾಗ ಮುಳಗ್ಯಾಳವಾ. ನೀ ಹಂಗ ಹಿಂದಿನಿಂದ ಕರೀಬಾರದು” ಎಂದು ನಾನು ತಿದ್ದಿದೆ.

“ಆತು ಬಿಡ್ರಿ, ನೀವು ಕಲತಾವ್ರು” ಎಂದು ಅವಳು ಕಸಬರಿಗೆ ಎತ್ತಿಕೊಂಡಳು.

ಎರಡು ವರ್ಷದ ನಂತರ, ಮಗುವಿನ ಹುಟ್ಟುಹಬ್ಬದ ದಿನ, ಅವಳ ಹೆಸರನ್ನೇ ಮೊದಲು ಕರೆಯೋಣ ಎನ್ನಿಸಿತು. ಪಿಸುಗುಟ್ಟಿದೆ. ಬರಲಿಲ್ಲ. ಮತ್ತೆ ಕರೆದೆ. ಆಮೇಲೆ ಗಂಟಲೆತ್ತಿ ಕರೆದೆ. ಬಗ್ಗಿ ನೋಡಿದರೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಕಿಟಕಿ ನೋಡುತ್ತ ಕೂತಿದ್ದಳು. ಉಳಿದ ಮಕ್ಕಳೆಲ್ಲ ಅವಳತ್ತ ತಿರುಗಿದಾಗ, ಆ ಮುಖಗಳನ್ನು ಒಂದೊಂದಾಗಿ ನೋಡಿ, ನಗುತ್ತ ಎದ್ದು ಬಂದಳು. ಬಾಗಿಲ ಹತ್ತಿರ ಆಯಾ ಇದ್ದಳು. ಮಗುವಿನ ಭುಜ ಮುಟ್ಟಿ ಹೊರಗೆ ಕರೆದುಕೊಂಡು ಹೋದಳು.

ಮರುದಿನ ಹುನಗುಂದದ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಮಗು ನನ್ನ ಮತ್ತು ಗೆಳತಿಯ ನಡುವೆ ಕೂತಿತ್ತು. ದವಾಖಾನೆಯಲ್ಲಿ ಕಿವಿ ಪರೀಕ್ಷೆ ಮುಗಿಸಿದ ಡಾಕ್ಟರರು, “ಸಾಲಿಗೆ ಹೋಗ್ತಾಳೇನ್ರಿ?” ಎಂದು ಕೇಳಿದರು.

“ಹೌದ್ರಿ. ನಾವ ತಗದ ಸಾಲಿ” ಎಂದಳು ಗೆಳತಿ.

“ಸಾಲ್ಯಾಗ ಯಾರೂ ಹೇಳಲಿಲ್ಲೇನು? ಎರಡ ವರ್ಷ ಹಿಂದ ತಂದಿದ್ರ ಮಾತು ಭಾಳ ಸುಧಾರಸತಿತ್ತು. ಈಗ ಎಷ್ಟ ಬರತಾವ, ಹೇಳಾಕಾಗಂಗಿಲ್ಲ.”

ಗೆಳತಿ ನನ್ನ ಕಡೆ ನೋಡಲಿಲ್ಲ. ಆಯಾ ಹೇಳಿದ್ದನ್ನು ನಾನು ವಾಪಸ್ಸು ಬರುವ ಬಸ್ಸಿನಲ್ಲಿ ಅವಳಿಗೆ ತಿಳಿಸಿದೆ. ಅವಳು ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿಗೆ ಹೋಗಿ ಕೂತಳು.

ಕಿವಿಗೆ ಮಷಿನ್ ಬಂತು. ಮನೆಯಲ್ಲಿ ಅದನ್ನು ಹಾಕಿದ ಕೂಡಲೇ ಮಗ್ಗದ ಸಪ್ಪಳಕ್ಕೆ ಮಗು ಚೀರಿ ಕಿತ್ತೆಸೆಯಿತು. ದಿನವೂ ಹಾಗೇ ಆಯಿತು. ಮಗ್ಗ ನಿಲ್ಲಿಸುವಂತಿರಲಿಲ್ಲ. ಕೊನೆಗೆ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲ್ಲಿಗೆ ಸೇರಿಸಿದರು. ಕಳಿಸುವ ದಿನ ನಾನು ಹೋಗಿದ್ದೆ. “ಅಕ್ಕಾ, ನೀ” ಎನ್ನುತ್ತಿದ್ದ ಗೆಳತಿ ಅಂದು ಬಾಗಿಲಲ್ಲೇ ನಿಂತು, “ಅಕ್ಕೋರ, ನೀವು ಕಲಿಸಿದ್ದನ್ನ ಚಲೋ ಕಲತಾಳ ಬಿಡ್ರಿ. ಸುಮ್ಮನ ಕೂಡೂದು” ಎಂದಳು. ಅದರ ನಂತರ ಅವಳು ನನ್ನ ಜೊತೆ ಮಾತಾಡಿಲ್ಲ. ಅವಳ ಮಗಳು ರಜೆಗೆ ಬಂದಾಗ ಓಣಿಯಲ್ಲಿ ಕಾಣುತ್ತಾಳೆ. ಮಾತು ಬಂದಿಲ್ಲ.

ಶಾಲೆ ಈಗಲೂ ಇದೆ. ಗೆಳತಿ ಕತ್ತರಿಸಿದ ಅಕ್ಷರಗಳು ಮಕ್ಕಳ ಬೆರಳಿಗೆ ಸವೆದು ನುಣುಪಾಗಿವೆ, ಬದಲಾಯಿಸಿಲ್ಲ. ಮೌನದ ಆಟ ಬಿಟ್ಟಿದ್ದೇನೆ. ಹೊಸ ಮಗು ಬಂದ ಮೊದಲ ದಿನ, ಅದು ಕೆಲಸದಲ್ಲಿ ಮುಳುಗಿರುವಾಗಲೇ, ಆಯಾ ಹಿಂದೆ ನಿಂತು ಸ್ಟೀಲಿನ ಮುಚ್ಚಳ ಕೆಡವುತ್ತಾಳೆ.

“ಹೊಳ್ಳಿ ನೋಡಿತ್ರಿ” ಎನ್ನುತ್ತಾಳೆ.

ನಾನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ ಎಲ್ಲ ಮಕ್ಕಳೂ ತಿರುಗಿವೆ.