ದೊಡ್ಡಪ್ಪನ ಗಾಣಗಳು, ಹನುಮಕ್ಕನ ನಡೆಮಡಿ

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಆದಿವಾಲದಿಂದ ಯಾರಾದರೂ ದುರ್ಗಕ್ಕೆ ಹೋಗಿಬಂದರೆ ಮಕ್ಕಳಾದ ನಾವು ಮೊದಲು ಅವರ ಮುಖ ನೋಡುತ್ತಿರಲಿಲ್ಲ, ಕೈಚೀಲ ನೋಡುತ್ತಿದ್ದೆವು. ಖಾರ, ಬೂಂದಿ, ಏನೂ ಇಲ್ಲದಿದ್ದರೆ ಕಡೆಗೆ ನಾಲ್ಕು ಬಾಳೆಹಣ್ಣಾದರೂ ಇರಲೇಬೇಕು. ಅಂಥದ್ದರಲ್ಲಿ ನಮ್ಮ ದೊಡ್ಡಪ್ಪ ಒಂದು ಸಂಜೆ ದುರ್ಗದಿಂದ ಬಟ್ಟೆ ಒಗೆಯುವ ಯಂತ್ರ ಹೊತ್ತು ತಂದ. ಅದನ್ನು ಮೊದಲು ಕಂಡವಳು ಒಂಬತ್ತು ವರ್ಷದ ನಾನೇ. ಆ ಬೇಸಿಗೆಯಲ್ಲಿ ಮನೆಗೆ ಬಂದ ಸಂಕಟಕ್ಕೂ ನಾನೇ ಕಾರಣ.

ದೊಡ್ಡಪ್ಪನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಅವನ ಅಂಗಿ, ಹಾಸಿಗೆ, ಉಣ್ಣುವ ಕೈ ಎಲ್ಲಕ್ಕೂ ವಾರ್ನಿಷ್ ವಾಸನೆ. ‘ಚಂದ್ರವಳ್ಳಿ ತೋರಿಸ್ತೀನಿ ಬಾ’ ಎಂದು ಆಸೆ ಹುಟ್ಟಿಸಿ ಬಸ್ಸು ಹತ್ತಿಸಿದವನು ಇಳಿದೊಡನೆ ನನ್ನನ್ನು ಎಳೆದುಕೊಂಡು ಹೋದದ್ದು ಗುಜರಿ ಅಂಗಡಿಗೆ. ಅವನು ಬೇರಿಂಗು ಹುಡುಕುತ್ತಿದ್ದರೆ ನಾನು ಮೂತಿ ಉಬ್ಬಿಸಿಕೊಂಡು ಅಂಗಡಿಯ ಹಿಂದಕ್ಕೆ ಹೋದೆ. ಅಲ್ಲಿ ಮುರಿದ ಮಂಚಗಳ ನಡುವೆ ಬಿಳಿ ಬಣ್ಣದ ದೊಡ್ಡ ಹಂಡೆಯೊಂದು ನಾಲ್ಕು ಕಾಲಿನ ಮೇಲೆ ನಿಂತಿತ್ತು. ಅದರ ತಲೆಯ ಮೇಲೆ ಒಂದರ ಮೇಲೊಂದು ಕೂತ ಎರಡು ರಬ್ಬರ್ ಉರುಳೆಗಳು, ಪಕ್ಕದಲ್ಲಿ ತಿರುಗಿಸುವ ಹಿಡಿ.

“ದೊಡ್ಡಪ್ಪ, ಕಬ್ಬಿನ ಗಾಣ ಐತೆ! ನಂಗೊಂದು ಲೋಟ ಹಾಲು ಕೊಡ್ಸು” ಎಂದು ಕೂಗಿದೆ.

ಗುಜರಿಯ ಸಾಬರು ಬಿದ್ದು ಬಿದ್ದು ನಕ್ಕರು. “ಅರೆ ಬೇಟಿ, ಅದು ಬಟ್ಟೆ ಒಗಿಯೋ ಮಿಷಿನ್. ಯಾವುದೋ ಬಂಗ್ಲೆ ಖಾಲಿ ಮಾಡ್ದಾಗ ಬಂದಿದ್ದು. ಮೋಟಾರು ಸುಟ್ಟೈತೆ, ಯಾರಿಗೂ ಬ್ಯಾಡ.”

ಮೋಟಾರು ಸುಟ್ಟಿದೆ ಎಂದರೆ ನಮ್ಮ ದೊಡ್ಡಪ್ಪನಿಗೆ ಹಬ್ಬದೂಟಕ್ಕೆ ಕರೆದಂತೆ. ಚಂದ್ರವಳ್ಳಿ ಅಲ್ಲೇ ಉಳಿಯಿತು. ಯಂತ್ರ ಬಸ್ಸಿನ ತಲೆಯೇರಿ ನಮ್ಮೂರಿಗೆ ಬಂತು.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು ಎನ್ನಬೇಕು. ಎಲ್ಲಿಗೆ ರಿಪೇರಿಗೆ ಹೋದರೂ ಹಿತ್ತಿಲು, ಕೊಟ್ಟಿಗೆ ಇಣುಕಿ ನೋಡುವುದೇ ಕೆಲಸ. ಹೊಳಲ್ಕೆರೆಯ ಹಳೇ ಮನೆಯೊಂದರಲ್ಲಿ ಅಂಥದೇ ಹಂಡೆಯಿಂದ ಕರುಗಳು ಕಲಗಚ್ಚು ಕುಡಿಯುತ್ತಿದ್ದವಂತೆ. ಕರುಗಳಿಗೆ ಬೇರೆ ಬಾನಿ ಕೊಟ್ಟು ಅದನ್ನೂ ತಂದ. ಶ್ರೀರಾಂಪುರದಲ್ಲಿ ಹಂಡೆಯಿಲ್ಲದೆ ಬರೀ ಹಿಂಡುವ ಉರುಳೆಗಳು ಸಿಕ್ಕವು, ಮರದವು. ಅವೂ ಬಂದವು. ಅವುಗಳಿಗೆ ಗ್ರೀಸು ಹಚ್ಚುತ್ತ “ದುರ್ಗದ್ದು, ಹೊಳಲ್ಕೆರೇದು, ಶ್ರೀರಾಂಪುರದ್ದು” ಎಂದು ದನಗಳನ್ನು ಕರೆಯುವ ಹಾಗೆ ಕರೆಯುತ್ತಿದ್ದ. ನಮ್ಮಜ್ಜಿಗೆ ಮಾತ್ರ ಎಲ್ಲವೂ ಗಾಣವೇ.

“ಒಂದು ಮನೀಗೆ ಎಷ್ಟು ಗಾಣ ಬೇಕಪ್ಪ? ತಂಗಿ ಮದುವೆ ಹತ್ರ ಬಂದೈತೆ, ಚಪ್ಪರದ ಗಳ ತರೋ ಅಂದ್ರೆ ಇದನ್ನ ತರ್ತೀಯ” ಎಂದು ಅಜ್ಜಿ ಬೈಯುತ್ತಿದ್ದಳು. ಮದುವೆ ನಮ್ಮ ಸುಶೀಲತ್ತೆಯದು.

ದುರ್ಗದ್ದಕ್ಕೆ ಹೊಸ ತಂತಿ ಸುತ್ತಿದ ದಿನ ಬೀದಿಗೆ ಬೀದಿಯೇ ನಮ್ಮ ಅಂಗಳದಲ್ಲಿ ಸೇರಿತು. ಕರೆಂಟು ಕೊಟ್ಟೊಡನೆ ಅದು ಗುಡುಗುಡು ಎನ್ನುತ್ತ ನಿಂತಲ್ಲಿ ನಿಲ್ಲದೆ ತುಳಸಿಕಟ್ಟೆಯ ಕಡೆಗೆ ನಡೆಯತೊಡಗಿತು. ಇಬ್ಬರು ಹಿಡಿದುಕೊಂಡರು. ಸೋಪಿನ ನೊರೆಯ ಬಟ್ಟೆಗಳನ್ನು ದೊಡ್ಡಪ್ಪ ಉರುಳೆಗಳ ನಡುವೆ ತೂರಿಸಿದ, ನಾನು ಹಿಡಿ ತಿರುಗಿಸಿದೆ. ಅಜ್ಜನ ಅಂಗಿ ಆ ಕಡೆಯಿಂದ ಹಪ್ಪಳದ ಹಾಗೆ ಚಪ್ಪಟೆಯಾಗಿ ಬಂತು. ಗುಂಡಿಗಳು ಟಪ್ ಟಪ್ ಎಂದು ಒಡೆದು ಹಾರಿದವು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ನಾನಂತೂ ನೆಲದ ಮೇಲೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಡಿವಾಳರ ಹನುಮಕ್ಕ ಎಂದಿನಂತೆ ಬಟ್ಟೆಯ ಗಂಟಿಗೆ ಬಂದಳು. ನಮ್ಮಪ್ಪ ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯ ಬಟ್ಟೆ ಒಗೆದವಳು ಅವಳು. ಅವಳು ಹತ್ತಿರ ಬಂದರೆ ಸವಳು ಮಣ್ಣು, ಗಂಜಿ, ಬಿಸಿಲು ಮೂರೂ ಸೇರಿದ ವಾಸನೆ. ಸೆರಗಿನ ತುದಿಯಲ್ಲಿ ನನಗೆಂದು ಹುಣಸೆಹಣ್ಣಿನ ಚಿಗಳಿ ಕಟ್ಟಿಕೊಂಡಿರುತ್ತಿದ್ದಳು. ಬಾಗಿಲಲ್ಲಿ ನಾನೊಬ್ಬಳೇ ಇದ್ದೆ.

“ನೀನಿನ್ನು ಬರಬ್ಯಾಡ ಹನುಮಕ್ಕ. ನಮ್ಮ ಮಿಷಿನ್ನೇ ಒಗಿತೈತೆ” ಎಂದೆ.

“ಹೌದಾ ತಾಯಿ” ಎಂದಳು. ಗಂಟು ಕಟ್ಟಲು ತಂದಿದ್ದ ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೋದಳು. ಚಿಗಳಿ ಕೊಟ್ಟೇ ಹೋದಳು.

ಆಮೇಲೆ ಹತ್ತು ದಿನ ಅವಳು ಬರಲಿಲ್ಲ. ನಮ್ಮ ಕಡೆ ಮದುವೆಯೆಂದರೆ ಹೆಣ್ಣು ಹಸೆಮಣೆಗೆ ನಡೆಯುವ ದಾರಿಗೆ ಮಡಿವಾಳರು ಒಗೆದ ಬಟ್ಟೆ ಹಾಸಬೇಕು. ಹಿಂದಿನದನ್ನು ಎತ್ತಿ ಮುಂದೆ ಹಾಸುತ್ತ ಹೋಗುತ್ತಾರೆ. ಅದೇ ನಡೆಮಡಿ. ನಮ್ಮಜ್ಜಿಯ ಕಾಲಡಿಗೆ ಹನುಮಕ್ಕನ ಅತ್ತೆ ಹಾಸಿದ್ದಳು, ಅಮ್ಮನ ಕಾಲಡಿಗೆ ಹನುಮಕ್ಕ. ಅವಳಿಲ್ಲದೆ ಸುಶೀಲತ್ತೆ ಹೊಸಲು ದಾಟುವ ಹಾಗಿರಲಿಲ್ಲ. ಹೇಳಿ ಕಳಿಸಿದರೆ ಅವಳ ಗುಡಿಸಲಿಗೆ ಬೀಗ.

ಮದುವೆಗೆ ಮೂರು ದಿನ ಉಳಿದಾಗ ಅಜ್ಜಿಯ ಸಿಟ್ಟೆಲ್ಲ ದೊಡ್ಡಪ್ಪನ ಮೇಲೆ ತಿರುಗಿತು. “ನಿನ್ನ ಗಾಣ ನೋಡೇ ಅವಳು ಮುನಿಸ್ಕಂಡು ಹೋಗಿರೋದು. ನನ್ನ ಮಗಳು ಬರೀ ಮಣ್ಣಿನ ಮ್ಯಾಲೆ ನಡೀಬೇಕೇನೋ?”

ದೊಡ್ಡಪ್ಪ ಮೂರು ಗಾಣಗಳನ್ನೂ ಕೊಟ್ಟಿಗೆಗೆ ಸಾಗಿಸಿ ಗೋಣಿತಾಟು ಹೊದಿಸಿದ. ಮಾಡಿದ್ದು ನಾನು, ಉಣ್ಣುತ್ತಿರುವುದು ಅವನು. ಆ ಮಧ್ಯಾಹ್ನ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಕೊಟ್ಟಿಗೆಗೆ ಹೋಗಿ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು, “ನಡಿ, ಹಳ್ಳಕ್ಕೆ ಹೋಗಿ ನೋಡಾಣ, ಬಂದಿದ್ರೂ ಬಂದಿರಬೌದು. ನೀನೇ ಹೇಳ್ಬೇಕು, ನಾನು ಹೇಳಲ್ಲ” ಎಂದು ಸೈಕಲ್ ತೆಗೆದ.

ಹಳ್ಳದ ಮಡುವಿನ ಹತ್ತಿರ ಬಂದಾಗ ದೂರದಿಂದಲೇ ಬಟ್ಟೆ ಬಡಿಯುವ ಸದ್ದು ಕೇಳಿಸಿತು. ಆ ಸದ್ದು ಕೇಳಿ ನನಗಾದಷ್ಟು ಸಮಾಧಾನ ಬೇರೆ ಯಾವ ಸದ್ದಿನಿಂದಲೂ ಆಗಿಲ್ಲ. ಹನುಮಕ್ಕ ಸೊಂಟದ ತನಕ ಒದ್ದೆಯಾಗಿ ನಿಂತಿದ್ದಳು. ನಾನು ದಡದಲ್ಲೇ ನಿಂತು, “ನಾನೇ ಬರಬ್ಯಾಡ ಅಂದಿದ್ದು. ಮನೇಲಿ ಯಾರೂ ಅಂದಿಲ್ಲ” ಎಂದೆ.

“ಏನಂದಿದ್ದೆ ತಾಯಿ? ನಂಗೆ ನೆಪ್ಪೇ ಇಲ್ಲ ಬಿಡು” ಎಂದಳು. “ಮಗಳ ಹೆರಿಗೆ ಅಂತ ಹೊಸದುರ್ಗಕ್ಕೆ ಹೋಗಿದ್ದೆ. ಗಂಡು ಮಗ. ನಿನ್ನೆ ಸಂಜೆ ಬಂದೆ. ಇವು ನಿಮ್ಮ ಮದುವೆ ಮಡೀನೆ ಕಣಮ್ಮ, ನೋಡು.”

ಬಂಡೆಗಳ ಮೇಲೆ ಉದ್ದಕ್ಕೂ ಬಿಳಿ ಬಟ್ಟೆ ಒಣಗುತ್ತಿತ್ತು. ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನಾನು ಅಳುವುದೋ ನಗುವುದೋ ತಿಳಿಯದೆ ಹಳ್ಳಕ್ಕೆ ಇಳಿದು ಅವಳ ಒದ್ದೆ ಸೀರೆಯನ್ನು ಅಪ್ಪಿಕೊಂಡೆ.

ಮದುವೆ ಸಾಂಗವಾಗಿ ಮುಗಿಯಿತು. ಮುಗಿದ ಮೇಲೆ ಹನುಮಕ್ಕ ತಾನೇ ಕೊಟ್ಟಿಗೆಗೆ ಬಂದು, “ಅದೇನದು ತೋರ್ಸಪ್ಪ” ಎಂದಳು. ಒಂದು ದಪ್ಪ ಜಮಖಾನ ನೆನೆಸಿ ಉರುಳೆಗೆ ಕೊಟ್ಟು, ತಾನೇ ಹಿಡಿ ತಿರುಗಿಸಿ, ಆ ಕಡೆ ಬಂದದ್ದನ್ನು ಮುಟ್ಟಿ ನೋಡಿದಳು. “ಒಗಿಯಾಕೆ ಬರಲ್ಲ ಇದಕ್ಕೆ. ಅಂಗಿ ಕೊಟ್ರೆ ಗುಂಡಿ ನುಂಗ್ತೈತೆ. ಜಮಖಾನ ಹಿಂಡಾದು ಮಾತ್ರ ಚೆಂದಾಗಿ ಹಿಂಡ್ತೈತೆ” ಎಂದು ತೀರ್ಪು ಕೊಟ್ಟಳು. ಬರೀ ಉರುಳೆಗಳಿದ್ದ ಶ್ರೀರಾಂಪುರದ್ದನ್ನು ದೊಡ್ಡಪ್ಪ ಹಳ್ಳದ ದಡದ ಜಾಲಿ ಬೊಡ್ಡೆಗೆ ಬಿಗಿದು ಕೊಟ್ಟ. ಬಹಳ ವರ್ಷ ಅದು ಅಲ್ಲಿತ್ತು. ಶಾಲೆ ಬಿಟ್ಟ ಮೇಲೆ ಹೋಗಿ ಹಿಡಿ ತಿರುಗಿಸುವುದು ನನ್ನ ಕೆಲಸವಾಯಿತು.

ನನ್ನ ಮದುವೆಯ ದಿನ ಹನುಮಕ್ಕನಿಗೆ ಸೊಂಟ ಬಾಗಿತ್ತು. ಆದರೂ ಬೇರೆ ಯಾರಿಗೂ ಬಿಡದೆ ಅವಳೇ ನಡೆಮಡಿ ಹಾಸುತ್ತ ಬಂದಳು. ಹಸೆಮಣೆ ಇನ್ನೊಂದು ಹೆಜ್ಜೆ ಇದೆ ಎನ್ನುವಾಗ ತಲೆ ಎತ್ತಿ ನನ್ನ ಕಿವಿಗೆ ಬಾಯಿಟ್ಟು, “ಯಾಕಮ್ಮ, ನಿಮ್ಮ ಮಿಷಿನ್ ಬರ್ಲಿಲ್ವಾ ಹಾಸಾಕೆ?” ಎಂದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಒಂದಕ್ಷರವನ್ನೂ ಮರೆತಿರಲಿಲ್ಲ ಮಹಾರಾಯ್ತಿ. ಇಷ್ಟು ವರ್ಷ ನನ್ನ ಕೈಗೆ ಚಿಗಳಿ ಕೊಡುತ್ತಲೇ ನೆನಪಿಟ್ಟುಕೊಂಡಿದ್ದಳು. ತಲೆ ತಗ್ಗಿಸಿರಬೇಕಾದ ಮದುಮಗಳು ನಾನು ಜೋರಾಗಿ ನಕ್ಕುಬಿಟ್ಟೆ.

ಈಗ ದೊಡ್ಡಪ್ಪನೂ ಇಲ್ಲ, ಹನುಮಕ್ಕನೂ ಇಲ್ಲ. ಹಳ್ಳದ ಮಡುವಿನಲ್ಲಿ ಜಾಲಿ ಬೆಳೆದಿದೆ. ದುರ್ಗದ್ದರ ಹಂಡೆಯಲ್ಲಿ ನಾನು ಮಲ್ಲಿಗೆ ಹಾಕಿದ್ದೇನೆ. ಹೋದ ವರ್ಷ ಮಗಳ ಮದುವೆಯನ್ನು ಹಿರಿಯೂರಿನ ಛತ್ರದಲ್ಲಿ ಮಾಡಿದೆವು. ಶಾಮಿಯಾನದವರು ಬೆಳಿಗ್ಗೆಯೇ ಬಂದು ಬಾಗಿಲಿನಿಂದ ಮಂಟಪದವರೆಗೆ ಕೆಂಪು ಕಾರ್ಪೆಟ್ ಬಿಚ್ಚಿ ಹೋಗಿದ್ದರು. ಮಗಳು ಅದರ ಮೇಲೆ ಚೆಂದವಾಗಿಯೇ ನಡೆದಳು. ನಾನು ಪಕ್ಕದಲ್ಲೇ ಇದ್ದೆ. ಹಸೆಮಣೆಯ ತನಕ ಅವಳ ಕಿವಿಯಲ್ಲಿ ಯಾರೂ ಏನೂ ಹೇಳಲಿಲ್ಲ.