ಗಾಯರಾಣ ನೋಡಲು ಸಾಹೇಬರು ಬಂದದ್ದು

ನಾನು ವಿಜಯಪುರದ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡುವವಳು. ನನ್ನ ಸೋದರತ್ತೆ ಬಿಜ್ಜರಗಿ ಕಡೆ ಕುರಿ ಕಾಯುವವಳು. ಇಬ್ಬರಲ್ಲಿ ಯಾರ ಬಾಯಿ ಜೋರು ಎಂದು ಕೇಳಬೇಡಿ.

ಊರ ಹೊರಗಿನ ಗಾಯರಾಣ, ಅಂದರೆ ದನ ಕುರಿ ಮೇಯಲು ಬಿಟ್ಟ ಸರಕಾರಿ ಹುಲ್ಲುಗಾವಲು, ಸೋಲಾರ್ ಕಂಪನಿಯ ಪಾಲಾಗುವುದರಲ್ಲಿತ್ತು. ಭೂಮಿ ಬಿಸಿಯೇರಿದೆ, ಬಿಸಿಲಿನಿಂದಲೇ ಕರೆಂಟು ತೆಗೆಯಬೇಕು ಎನ್ನುವುದು ಅವರ ಮಾತು. ಭೂಮಿ ಬಿಸಿಯೇರಿದ್ದು ಅತ್ತೆಗೆ ಹೇಳಿಕೊಡಬೇಕೆ? ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದು ಹಳ್ಳದ ದಂಡೆಯ ಮೇವೆಲ್ಲ ಕೊಚ್ಚಿಹೋಗಿ, ಅವಳ ಕುರಿಗೆ ಉಳಿದದ್ದು ಆ ಗಾಯರಾಣ ಒಂದೇ. ಅದಕ್ಕೇ ನಾನು ತಕರಾರು ಹಾಕಿದೆ. ರೂಢಿಯಿಂದ ಬಂದ ಹಕ್ಕನ್ನು ಕಾನೂನು ಒಪ್ಪುತ್ತದೆ, ಆದರೆ ರೂಢಿ ಕಣ್ಣಿಗೆ ಕಾಣಬೇಕು. ಸ್ಥಳ ನೋಡಿ ವರದಿ ಕೊಡುತ್ತೇನೆ ಎಂದರು ಕಂದಾಯ ಇಲಾಖೆಯ ಅಧಿಕಾರಿ.

ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೆ: "ಅತ್ತಿ, ಹಟ್ಟಿ ಹ್ಯಾಂಗೈತಿ ಹಂಗ ಇರಲಿ. ಕುರಿ ಎಲ್ಲೂ ಒಯ್ಯಬ್ಯಾಡ."

"ಆತ ಬಿಡ, ನನಗ ಕಲಸ್ತಿಯೇನು?" ಎಂದಿದ್ದಳು.

ಬಸ್ಸಿಳಿದು ಹೋಗಿ ನೋಡಿದರೆ, ಬಯಲು ಹಬ್ಬದ ಅಂಗಳದಷ್ಟು ಸ್ವಚ್ಛ. ಕುರಿಯಿಲ್ಲ, ಮುಳ್ಳುಬೇಲಿಯಿಲ್ಲ, ಒಲೆಯ ಕಲ್ಲೂ ಇಲ್ಲ. ಗೂಟ ಕಿತ್ತ ತಗ್ಗುಗಳನ್ನೂ ಮುಚ್ಚಿದ್ದರು. ನಮ್ಮವರ ಪದ್ಧತಿಯೇ ಅದು. ಕುರಿಹಟ್ಟಿ ಎತ್ತುವಾಗ ಗೂಟದ ತಗ್ಗು ಮುಚ್ಚದಿದ್ದರೆ ಹಿಂದೆ ಬರುವವರ ಮರಿಯ ಕಾಲು ಮುರಿಯುತ್ತದೆ. ದೊಡ್ಡವರನ್ನು ಹಿಕ್ಕೆಯ ನಡುವೆ ನಿಲ್ಲಿಸುವುದು ಮರ್ಯಾದೆಯಲ್ಲವೆಂದು ಅತ್ತೆ ಕುರಿಗಳನ್ನು ದೂರದ ಹೊಲಕ್ಕೆ ಹೊಡೆಸಿ, ನೆಲ ಗುಡಿಸಿ, ಒಗೆದ ಸೀರೆ ಉಟ್ಟು, ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಜೀಪು ಬಂತು.

"ಕುರಿ ಇಲ್ಲೇ ನಿಲ್ಲಸ್ತೀರೇನಮ್ಮಾ?" ಅಧಿಕಾರಿ ಕೇಳಿದರು.

"ನಮ್ಮ ಮುತ್ತ್ಯಾನ ಕಾಲದಿಂದ್ರಿ."

"ಏನೂ ಕಾಣವಲ್ದಲ್ಲ?"

ನಾನು ನಡುವೆ ಬಾಯಿ ಹಾಕಿದೆ. ಅವರೇ ಹೇಳಲಿ ಎಂದು ಅಧಿಕಾರಿ ಕೈಯೆತ್ತಿ ತಡೆದರು.

ಅತ್ತೆ ಎದೆಯುಬ್ಬಿಸಿ ಹೇಳಿದಳು: "ಹೆಂಗ ಕಂಡೀತ್ರಿ ಸಾಹೇಬ್ರ? ಇದ್ದು ಹೋದ ಜಾಗಾದಾಗ ಗುರುತು ಬಿಟ್ಟು ಹೋಗೂ ಮಂದಿ ಅಲ್ರಿ ನಾವು."

ಅವರು ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಮಜ್ಜಿಗೆ ಕುಡಿದು ಕೈಮುಗಿದೂ ಹೋದರು. ಕೆಟ್ಟ ಮನುಷ್ಯರೇನಲ್ಲ, ಅದೇ ನನಗೆ ಇನ್ನಷ್ಟು ಉರಿ. ಓದಿದ ಒಂದು ಕಲಮೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಜೀಪಿನ ಧೂಳು ಇಳಿಯುವ ಮೊದಲೇ ಅತ್ತೆ ನನ್ನ ತೋಳು ಹಿಡಿದಳು. "ಚಲೋ ಹೇಳಿದ್ನಿಲ್ಲ, ಯವ್ವಾ? ಗಾಯರಾಣ ಉಳೀತಲ್ಲ?"

ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು ನಾನು. "ಚಲೋ ಹೇಳಿದಿ ಅತ್ತಿ," ಎಂದೆ.

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕುರಿಗಳನ್ನು ತಿರುಗಿ ಕರೆತರಲು ಖುಷಿಯಿಂದ ಹೊರಟಳು.